ಪೊನ್ನಮ್ಮಕ್ಕನ ಗ್ಯಾಸ್‌ಲೈಟು

ನನಗೆ ಎರಡು ವಿಷಯದಲ್ಲಿ ಭಾರೀ ಜಂಬ. ಒಂದು, ಪಾಲಿಬೆಟ್ಟದ ಎಸ್ಟೇಟಿನಲ್ಲಿ ಮೂವತ್ತು ವರ್ಷ ಲೆಕ್ಕ ಬರೆಯುವ ರೈಟರಾಗಿದ್ದೂ ಯಾರಿಂದಲೂ ಬೈಸಿಕೊಳ್ಳದೆ ನಿವೃತ್ತನಾದದ್ದು. ಇದು ಸುಳ್ಳು, ಆದರೆ ಬೈದವರು ಯಾರೂ ಈಗ ಇಲ್ಲವಾದ್ದರಿಂದ ಧೈರ್ಯವಾಗಿ ಹೇಳುತ್ತೇನೆ. ಇನ್ನೊಂದು, ಯಾವ ಹಳೆಯ ಗ್ಯಾಸ್‌ಲೈಟನ್ನು ಕಂಡರೂ ಅದರ ಕುಲಗೋತ್ರ ಹೇಳಬಲ್ಲೆ ಎಂಬುದು. ಸೀಮೆಎಣ್ಣೆ ಹಾಕಿ, ಪಂಪು ಹೊಡೆದು, ಮ್ಯಾಂಟಲ್ ಬೆಳಗಿಸುವ ಆ ಹಿತ್ತಾಳೆ ದೀಪಗಳ ಹುಚ್ಚು ನನಗೆ ನಿವೃತ್ತಿಯ ಮೇಲೆ ಹಿಡಿದದ್ದು. ಈ ಎರಡನೆಯ ಜಂಬ ಕಳೆದ ಹುತ್ತರಿ ಹಬ್ಬದ ಹೊತ್ತಿಗೆ ಮಣ್ಣುಪಾಲಾಯಿತು.

ಪಕ್ಕದ ತೋಟದ ಪೊನ್ನಮ್ಮಕ್ಕ ಒಂದು ದಿನ ಗೋಣಿಚೀಲದಲ್ಲಿ ದೀಪವೊಂದನ್ನು ತಂದರು. "ರೈಟ್ರೇ, ನಮ್ಮ ಯಜಮಾನರದ್ದು. ಅವರು ಹೋದ ಮೇಲೆ ಅಟ್ಟದಲ್ಲೇ ಬಿದ್ದಿತ್ತು. ಈ ಸಲ ಹುತ್ತರಿ ರಾತ್ರಿ ಗದ್ದೆಗೆ ಹೊಸ ಭತ್ತದ ಕದಿರು ತೆಗೀಲಿಕ್ಕೆ ಹೋಗುವಾಗ ಇದೇ ಮುಂದೆ ಹೋಗ್ಬೇಕು. ಜೋಪಾನ ಆಯ್ತಾ" ಎಂದರು. "ನನ್ನ ಕೈಗೆ ಬಂತಲ್ಲ, ಬಿಡಿ" ಎಂದೆ.

ತಿಳಿದವರು ಒಂದು ದೀಪ ಬಿಚ್ಚಿ, ಜೋಡಿಸಿ, ಆಮೇಲೆ ಇನ್ನೊಂದನ್ನು ಮುಟ್ಟುತ್ತಾರೆ. ನಾನು ಅದೇ ಜಾತಿಯ ನನ್ನ ಎರಡನ್ನೂ ಸೇರಿಸಿ ಮೂರನ್ನೂ ಒಟ್ಟಿಗೆ ಬಿಚ್ಚಿದೆ. ಎಣ್ಣೆಯ ಟ್ಯಾಂಕುಗಳನ್ನು ಪೇಟೆಗೆ ಕಳಿಸಿ ಇದ್ದಬದ್ದ ತಗ್ಗನ್ನೆಲ್ಲ ಬಡಿಸಿ ಸರಿಮಾಡಿಸಿದೆ. ಅವು ವಾಪಸು ಬಂದ ಮಾರನೆಯ ದಿನ ನಾನು ಸ್ನಾನಕ್ಕೆ ಹೋದಾಗ ನನ್ನ ಹೆಂಡತಿ ಸರೋಜ ಪೇಪರಿನ ಮೇಲೆ ಹರಡಿದ್ದನ್ನೆಲ್ಲ ಒಂದೇ ಬೇಸನ್ನಿಗೆ ಸುರಿದು ಹುಣಸೆಹಣ್ಣು ಹಾಕಿ ತಿಕ್ಕಿಬಿಟ್ಟಳು. "ರೀ, ಚಿನ್ನದ ಥರ ಆಗಿವೆ ನೋಡಿ" ಎಂದಳು. ನೋಡಿದೆ. ಮೂರೂ ಚಿನ್ನವೇ. ಯಾವುದು ಯಾರದು? ಇಂಟರ್‌ನೆಟ್ಟಿನಲ್ಲಿ ದೀಪದ ಹುಚ್ಚರ ಗುಂಪೊಂದಿದೆ; ಫೋಟೋ ಕಳಿಸಿದೆ. ಒಬ್ಬರು ಜರ್ಮನಿಯದ್ದು ಎಂದರು, ಇನ್ನೊಬ್ಬರು ಅದರ ನಕಲು ಎಂದರು, ಮೂರನೆಯವರು ಮಾರುತ್ತೀರಾ ಎಂದು ಕೇಳಿದರು. ತಲೆ ಕೆಟ್ಟು ಕೈಗೆ ಸಿಕ್ಕಿದ್ದನ್ನು ಸಿಕ್ಕಿದ ಟ್ಯಾಂಕಿಗೆ ಜೋಡಿಸಿದೆ.

ಹುತ್ತರಿಯ ಹಿಂದಿನ ದಿನ ಪೊನ್ನಮ್ಮಕ್ಕ ಬಂದರು. ಮೂರನ್ನೂ ತಿರುಗಿಸಿ ತಿರುಗಿಸಿ ನೋಡಿದರು. ಮುಖ ಬಾಡಿತು.

"ತಗ್ಗು ಎಲ್ಲಿ ರೈಟ್ರೇ?"

"ಯಾವ ತಗ್ಗು?"

"ನಾನು ಮದುವೆಯಾಗಿ ಬಂದ ವರ್ಷ ಇವರು ಇದನ್ನು ಹಿಡ್ಕೊಂಡೇ ಗದ್ದೆ ಬದುವಿಂದ ಜಾರಿ ಕೆಸರಿಗೆ ಬಿದ್ದದ್ದು. ನಾನು ನಕ್ಕೆ ಅಂತ ಎರಡು ದಿನ ಮಾತಾಡಿರ್ಲಿಲ್ಲ. ಆ ತಗ್ಗು ನೋಡಿದ್ರೆ ಈಗಲೂ ನಂಗೆ ನಗು ಬರ್ತದೆ."

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ನಡೆದದ್ದನ್ನೆಲ್ಲ ಒಪ್ಪಿಕೊಂಡೆ. ಅವರು ದೀಪಗಳನ್ನು ಸಾಲಾಗಿಟ್ಟು, "ಮೂರನ್ನೂ ಹೊತ್ತಿಸಿ ನೋಡುವ" ಎಂದರು. ಮೊದಲನೆಯದು ಹೊತ್ತಿತು. ಎರಡನೆಯದೂ ಹೊತ್ತಿತು. ಮೂರನೆಯದು ಮಾತ್ರ ಎಷ್ಟು ಪಂಪು ಹೊಡೆದರೂ ಉಸ್ಸೆಂದು ನಿಟ್ಟುಸಿರು ಬಿಟ್ಟು, ಕೆಂಪಗಾಗಿ, ಆರಿತು. ನಾನು ಬೆವರಿದೆ, ಬೈದೆ, ಮತ್ತೆ ಹೊಡೆದೆ, ಮತ್ತೆ ಆರಿತು. ತಿರುಗಿ ನೋಡಿದರೆ ಪೊನ್ನಮ್ಮಕ್ಕ ನಗುತ್ತಿದ್ದಾರೆ, ಕಣ್ಣಲ್ಲಿ ನೀರು. "ಇದೇ ನಮ್ಮದು. ಇವರ ಕೈಯಲ್ಲೂ ಹೀಗೇ ಮಾಡ್ತಿತ್ತು" ಎಂದು ಅದನ್ನು ಎದೆಗವಚಿಕೊಂಡು ಹೋದರು.

ಹುತ್ತರಿ ಮುಗಿಸಿ ಫೋನ್ ಮಾಡಿದರು. ದೀಪ ಹತ್ತಲೇ ಇಲ್ಲವಂತೆ. ಮಗ ಪಂಪು ಹೊಡೆದು ಹೊಡೆದು ಥೇಟ್ ಅಪ್ಪನ ಹಾಗೇ ಬೈದನಂತೆ, ಕೊನೆಗೆ ಟಾರ್ಚಿನ ಬೆಳಕಲ್ಲಿ ಆರಿದ ದೀಪವನ್ನೇ ಮುಂದೆ ಹಿಡಿದು ನಡೆದರಂತೆ. ಇಷ್ಟು ಚೆಂದದ ಹುತ್ತರಿ ಈಚೆಗೆ ಆಗಿರಲಿಲ್ಲವಂತೆ.

ಫೋನ್ ಇಡುವಷ್ಟರಲ್ಲಿ ದೀಪ ಜೋಡಿಸುವಾಗ ತೊಟ್ಟಿದ್ದ, ಈಗ ಒಗೆಯಲು ತೆಗೆದ ನನ್ನ ಅಂಗಿಯ ಜೇಬಿನಿಂದ ಸರೋಜ ಪುಟ್ಟ ರಬ್ಬರ್ ಬಳೆಯೊಂದನ್ನು ಹೊರತೆಗೆದಳು. ಎಣ್ಣೆ ಮುಚ್ಚಳದ ವಾಷರು. ಅದಿಲ್ಲದಿದ್ದರೆ ಗಾಳಿ ನಿಲ್ಲುವುದಿಲ್ಲ; ಯಾರ ದೀಪವಾದರೂ ನಿಟ್ಟುಸಿರೇ ಬಿಡುತ್ತದೆ. "ಕೊಟ್ಟು ಬನ್ನಿ ಮತ್ತೆ" ಎಂದಳು. ಕೊಟ್ಟರೆ ದೀಪ ಹೊತ್ತುತ್ತದೆ. ಹೊತ್ತಿದರೆ ಅದು ಅವರದಲ್ಲವೆಂದಾಗುತ್ತದೆ. ವಾಷರು ಇನ್ನೂ ನನ್ನ ಜೇಬಿನಲ್ಲಿದೆ. ಮನೆಯಲ್ಲುಳಿದ ಎರಡರಲ್ಲಿ ಯಾವುದು ನನ್ನದು, ಯಾವುದು ಅಲ್ಲ, ದೇವರಿಗೇ ಗೊತ್ತು. ನೋಡಲು ಬಂದವರು ಕೇಳಿದರೆ ಮಾತ್ರ ಎರಡೂ ಜರ್ಮನಿಯವು ಎನ್ನುತ್ತೇನೆ.