ಟೇಲೆಂಡಿನವಳು ಹಡಗು ಹತ್ತಿದ್ದು

ಗಂಭೀರವಾದ ಕೆಲಸಕ್ಕೆ ಕೈ ಹಾಕಿದಾಗಲೇ ನಮ್ಮ ಮನೆಯಲ್ಲಿ ನಗೆಪಾಟಲಿನ ಪ್ರಸಂಗಗಳು ನಡೆಯುತ್ತಿದ್ದವು. ಸುರಪುರದ ಕಡೆ ಕಾಲುವೆಯ ಗೇಟು ಎತ್ತುವ, ಇಳಿಸುವ ನೌಕರಿ ಮಾಡಿ ರಿಟೈರಾದವನು ನಾನು. ಆ ವರ್ಷವೇ ಹೆಂಡತಿಯ ಹೃದಯ ಸೋತಿದೆ ಎಂದು ಗೊತ್ತಾಯಿತು. "ಎಲ್ಲಿಗರೆ ಕರ್ಕೊಂಡು ಹೋಗೂದಿದ್ರ ಈಗ ಹೋಗಿ ಬರ್ರಿ" ಎಂದರು ಡಾಕ್ಟರು. ಆ 'ಈಗ' ಕೇಳಿ ಅವತ್ತೇ ಹೊರಡಲು ತಯಾರಾದೆ. ಅವಳನ್ನು ಕೇಳಿದರೆ, "ಸಮುದ್ರ ನೋಡಬೇಕು" ಎಂದಳು. ತಿಂಥಣಿ ಸೇತುವೆ ಮೇಲಿಂದ ಕಂಡ ಕೃಷ್ಣೆಯೇ ಅವಳು ನೋಡಿದ್ದ ದೊಡ್ಡ ನೀರು.

ಈಗ ಅವಳಿಲ್ಲ. ನಗು ಬಂದಾಗ ಹೇಳಲೆಂದು ಪಕ್ಕಕ್ಕೆ ತಿರುಗುತ್ತೇನೆ, ಯಾರೂ ಇರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಹುಟ್ಟುಹಬ್ಬ

ಶಹಾಪುರದ ಟ್ರಾವೆಲ್ಸ್ ಅಂಗಡಿಗೆ ಇಬ್ಬರೂ ಹೋದೆವು. ಮುಂಬೈಯಿಂದ ಗೋವಾಕ್ಕೆ ಹಡಗು, ಮೂರು ದಿನ.

"ರಿಯಾಯಿತಿ ಎರಡ್ ಥರ ಅದಾವ್ರಿ, ಒಂದಾ ಸಿಗ್ತದ" ಎಂದ ಏಜೆಂಟ್. "ವಯಸ್ಸಾದವರಿಗೆ ಸ್ವಲ್ಪ. ಹುಟ್ಟುಹಬ್ಬದ ತಿಂಗಳದಾಗ ಹೋದ್ರ ಭಾಳ."

ಇಬ್ಬರ ಆಧಾರ್ ಕಾರ್ಡನ್ನೂ ಮುಂದಿಟ್ಟೆ. ನನ್ನದು ಜೂನ್ ಒಂದು. ಅವಳದೂ ಜೂನ್ ಒಂದು. ಶಾಲೆಗೆ ಹೆಸರು ಹಚ್ಚುವಾಗ ಮಾಸ್ತರರು ಇಡೀ ಊರಿಗೇ ಹಂಚಿದ ಹುಟ್ಟುಹಬ್ಬ ಅದು. "ನಮ್ಮಪ್ಪಂದೂ ಅದಾ ರಿ" ಎಂದು ಏಜೆಂಟ್ ಖುಷಿಯಿಂದ ಕಂಪ್ಯೂಟರ್ ಒತ್ತಿದ. ಒತ್ತಿ ಒತ್ತಿ ಮುಖ ಸಣ್ಣದು ಮಾಡಿದ.

"ಜೂನಿನ್ಯಾಗ ಮಳಿ ಅಂತ ಹಡಗಾ ಬಿಡಂಗಿಲ್ರಿ."

ಹೆಂಡತಿ ನಿಟ್ಟುಸಿರು ಬಿಟ್ಟಳು. "ಜನವರಿ ಬರೀರಿ ಅಂತ ಮಾಸ್ತರ್ರಿಗೆ ಯಾರರೆ ಹೇಳಬೇಕಿತ್ತು."

ಹಿಂದಿನ ರೂಮು

ವಯಸ್ಸಿನ ರಿಯಾಯಿತಿಯನ್ನೇ ಹಿಡಿದೆವು. ಹಡಗಿನ ಹಿಂಭಾಗದ ರೂಮಾದರೆ ದರ ಇನ್ನೂ ಕಡಿಮೆ ಎಂದ ಏಜೆಂಟ್. ನಾನು ಹೂಂ ಎನ್ನುವುದರೊಳಗೆ ಅವಳು ಎದ್ದು ನಿಂತಿದ್ದಳು.

"ಟೇಲೆಂಡ್ ಬ್ಯಾಡ. ನೀರು ಬರಂಗಿಲ್ಲ."

ಅವಳ ತವರು ನನ್ನ ಕಾಲುವೆಯ ಕಟ್ಟಕಡೆಯ ಹಳ್ಳಿ. ಅದನ್ನು ಅಲ್ಲಿಯವರೆಲ್ಲ ಟೇಲೆಂಡ್ ಎಂದೇ ಕರೆಯುತ್ತಾರೆ. ನಾನು ಗೇಟು ಎತ್ತಿದರೆ ಮೇಲಿನವರೇ ಭತ್ತ ಹಚ್ಚಿ ಎಲ್ಲ ನೀರನ್ನೂ ಮುಗಿಸುತ್ತಿದ್ದರು. ಅಳಿಯ ಗೇಟಿನವನಾದರೂ ಮಾವನ ಹೊಲದ ಬದು ಒದ್ದೆಯಾಗಲಿಲ್ಲ. ಆ ನಾಚಿಕೆ ನನಗೆ ಇವತ್ತಿಗೂ ಇದೆ.

"ಅಮ್ಮಾರೇ, ಹಡಗಿನ ಸುತ್ತ ಸಮುದ್ರಾನಾ ಅದ" ಎಂದ ಏಜೆಂಟ್.

"ನಮ್ಮೂರ ಮುಂದನೂ ಕಾಲುವೆ ಅದನಪ್ಪ. ಮುಂದಿನ ರೂಮು ಕೊಡು."

ಆರಾಮ

ಪ್ರವಾಸದ ಇನ್ಶುರೆನ್ಸಿನಲ್ಲೂ ಎರಡು ಥರ. ಅಗ್ಗದ್ದು ಹಳೆಯ ಕಾಯಿಲೆಗೆ ದುಡ್ಡು ಕೊಡುವುದಿಲ್ಲ. ತುಟ್ಟಿಯದು ಕೊಡುತ್ತದೆ, ಆದರೆ ಕಾಯಿಲೆಯನ್ನು ಮೊದಲೇ ಹೇಳಿರಬೇಕು. ಕಂಪನಿಯವರು ಫೋನ್ ಮಾಡಿ ಅವಳ ಬಾಯಿಂದಲೇ ಕೇಳುತ್ತಾರೆ. ನಾನು ಇಬ್ಬರಿಗೂ ತುಟ್ಟಿಯದನ್ನೇ ಆರಿಸಿದೆ. ನಡು ಸಮುದ್ರದಲ್ಲಿ ಅವಳಿಗೆ ಏನಾದರೂ ಆದರೆ ಎಂಬುದೊಂದೇ ನನ್ನ ಚಿಂತೆ. "ಕೇಳಿದ್ದಕ್ಕೆಲ್ಲ ಖರೇ ಹೇಳು" ಎಂದು ಎರಡು ದಿನ ಕಲಿಸಿದೆ.

ಫೋನ್ ಬಂತು. ಸ್ಪೀಕರ್ ಹಾಕಿ, ಆಸ್ಪತ್ರೆಯ ಫೈಲನ್ನು ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲೇ ಕೂತೆ.

"ಆರೋಗ್ಯ ಹೇಗಿದೆ ಅಮ್ಮಾ?" ಎಂದಳು ಕಂಪನಿಯ ಹುಡುಗಿ.

"ಆರಾಮ ಅದೀವ್ರಿ. ನೀವು ಆರಾಮ?"

"ಹೃದಯದ ತೊಂದರೆ ಏನಾದರೂ?"

ನಾನು ಎದೆ ಎದೆ ಬಡಿದುಕೊಂಡು ಸನ್ನೆ ಮಾಡಿದೆ.

"ಏನಿಲ್ರಿ. ಊಟ ಆತೇನ್ರಿ ನಿಮ್ದು?"

ಫೋನಿಟ್ಟ ಮೇಲೆ ಸಿಟ್ಟಿನಿಂದ ಕೂಗಾಡಿದೆ. "ಹೊರಗಿನವರ ಮುಂದ ರೋಗ ಹೇಳ್ಕೊಂತಾರೇನ್ರಿ?" ಎಂದಳು. ಮಾತೆಲ್ಲ ರೆಕಾರ್ಡ್ ಆಗಿದೆ, ಇನ್ನು ಎದೆನೋವಿಗೆ ಏನೂ ಸಿಗುವುದಿಲ್ಲ ಎಂದ ಏಜೆಂಟ್. ಅವನ ಕೈಕಾಲು ಹಿಡಿದು ಇನ್ನೊಮ್ಮೆ ಫೋನ್ ಮಾಡಿಸಿದೆ. ಮತ್ತೂ ಆರಾಮ. ಆ ಸಲ ಕಂಪನಿಯ ಹುಡುಗಿಯೇ ತನ್ನ ತಾಯಿಯ ಸಕ್ಕರೆ ಕಾಯಿಲೆಯನ್ನು ಇವಳ ಮುಂದೆ ತೋಡಿಕೊಂಡಳು.

ನೀರು

ಯಾದಗಿರಿಯಲ್ಲಿ ರೈಲು ಹತ್ತಿದಾಗಿನಿಂದ ನನಗೆ ನಿದ್ದೆಯಿಲ್ಲ. ಅವಳು ಮಲಗಿದ್ದರೆ ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ನೋಡುತ್ತಾ ಕೂತಿದ್ದೆ. ಮುಂಬೈ ಬಿಟ್ಟು ಹಡಗು ಅಲುಗಾಡಿತು ನೋಡಿ, ಅವಳಿಗೆ ಏನೂ ಆಗಲಿಲ್ಲ. ನಾನು ವಾಂತಿ ಮಾಡಿ ಮಾಡಿ ಸುಸ್ತಾಗಿ ಬಿದ್ದೆ. ಅಷ್ಟು ತಲೆ ಕೆಡಿಸಿಕೊಂಡು ಆರಿಸಿದ ಇನ್ಶುರೆನ್ಸು ಕಡೆಗೆ ನನ್ನ ವಾಂತಿಗೆ ಉಪಯೋಗವಾಯಿತು. ಹಡಗಿನ ಡಾಕ್ಟರು ಬಂದು, ಹೇಗಿದ್ದಾರೆ ಎಂದು ಹಿಂದಿಯಲ್ಲಿ ಕೇಳಿದರು. ಬಕೆಟ್ಟಿನೊಳಗೆ ನನ್ನ ತಲೆ ಹಿಡಿದುಕೊಂಡೇ ಅವಳು, "ಆರಾಮ ಅದಾರ್ರಿ" ಎಂದಳು.

ಮರುದಿನ ಸಂಜೆ ಅವಳೇ ನನ್ನನ್ನು ಕೈ ಹಿಡಿದು ಮೇಲಕ್ಕೆ ಕರೆದೊಯ್ದಳು. ಕಣ್ಣು ಹಾಯಿಸಿದಲ್ಲೆಲ್ಲ ನೀರು. ಅವಳು ಕಂಬಿ ಹಿಡಿದು ನೋಡುತ್ತಾ ನಿಂತಳು. ಕಣ್ಣು ತುಂಬಿತ್ತು. ಕರೆದುಕೊಂಡು ಬಂದದ್ದು ಸಾರ್ಥಕವಾಯಿತು ಎನಿಸಿತು. ಈಗ ಏನೋ ಒಳ್ಳೆಯ ಮಾತು ಹೇಳುತ್ತಾಳೆ ಎಂದು ಹತ್ತಿರ ಸರಿದೆ.

ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದಳು.

"ಇಷ್ಟೆಲ್ಲ ನೀರು ಇಲ್ಲಿಗೆ ಬಿಟ್ಟೀರಲ್ರಿ. ನಮ್ಮಪ್ಪನ ಹೊಲಕ್ಕ ಒಂದಿನ ಬಿಡಾಕ ಏನಾಗಿತ್ತು ನಿಮಗ?"