ಎಂಟನ್ನು ಒಂಟಿ ಮಾಡಿ ಹೋದ ನಾಲ್ಕಕ್ಕೆ

ಮಾನ್ಯ ನಾಲ್ಕನೆಯವರೇ,

ನನ್ನ ಮಗಳ ಡರ್ಟ್ ಬೈಕಿನ ಎಡಪಕ್ಕದ ಪ್ಲಾಸ್ಟಿಕ್ಕಿನ ಮೇಲೆ, ಎಂಟು ಎಂಬ ಸಜ್ಜನರ ಪಕ್ಕದಲ್ಲಿ ಕೆಲಕಾಲ ವಾಸವಾಗಿದ್ದು ಆ ಜಾಗವನ್ನು ಪಾವನಗೊಳಿಸಿದ ಸ್ಟಿಕ್ಕರ್ ಮಹಾಶಯರಾದ ತಮಗೆ, ಸದರಿ ಮಗಳ ಅಪ್ಪನ ಅನಂತ ನಮಸ್ಕಾರಗಳು. ನಾವಿಲ್ಲಿ ಕ್ಷೇಮ. ತಾವು ಈಗಿರುವಲ್ಲಿ ಎಷ್ಟು ಕ್ಷೇಮವಾಗಿದ್ದೀರೆಂಬುದು ನಮಗೆ ಚೆನ್ನಾಗಿಯೇ ಗೊತ್ತಿರುವುದರಿಂದ ಅದನ್ನು ಕೇಳುತ್ತಿಲ್ಲ.

ತಮ್ಮನ್ನು ಬರಮಾಡಿಕೊಂಡ ಸಂಭ್ರಮ ತಮಗೆ ನೆನಪಿರಬಹುದು. ಮನೆಗೆ ಮೊದಲ ಸಲ ಬರುವ ಅಳಿಯನಿಗೂ ಅಷ್ಟು ಉಪಚಾರ ನಡೆದಿರಲಾರದು. ಪ್ಲಾಸ್ಟಿಕ್ಕನ್ನು ಸೋಪಿನ ನೀರಿನಲ್ಲಿ ತೊಳೆದೆ, ಸ್ಪಿರಿಟ್ ಹಚ್ಚಿ ಒರೆಸಿದೆ, ತಮಗೆ ಚಳಿಯಾಗದಿರಲೆಂದು ಹೆಂಡತಿಯ ಹೇರ್ ಡ್ರೈಯರ್ ತಂದು ಬೆಚ್ಚಗೆ ಗಾಳಿ ಹಾಕಿದೆ, ನಡುವಿನಿಂದ ಅಂಚಿನ ಕಡೆಗೆ ಬೆರಳಲ್ಲಿ ಒತ್ತುತ್ತ ಒಂದು ಗುಳ್ಳೆಯೂ ಉಳಿಯದಂತೆ ಮಲಗಿಸಿದೆ, ಮಾರನೆಯ ದಿನದವರೆಗೆ ಯಾರೂ ಗಾಡಿ ಮುಟ್ಟಕೂಡದೆಂದು ಮನೆಮಂದಿಗೆಲ್ಲ ಕಟ್ಟಪ್ಪಣೆ ಮಾಡಿದೆ. ಒರೆಸಿದ್ದಾದ ಮೇಲೆ ನಾನು ಡ್ರೈಯರ್ ಹುಡುಕಲು ಒಳಗೆ ಹೋದಾಗ ನನ್ನ ಅಮ್ಮ, "ಅಯ್ಯೋ, ಮೊಮ್ಮಗಳ ಗಾಡಿ ಯಾಕೋ ಮಂಕಾಗಿದ್ಯಲ್ಲ" ಎಂದುಕೊಂಡು ಎರಡು ತೊಟ್ಟು ತಲೆಗೆಣ್ಣೆ ಸವರಿ ಮಿರಮಿರ ಮಿಂಚಿಸಿದ್ದರಂತೆ. ಅದು ನನಗೆ ತಿಳಿದದ್ದು ಆಮೇಲೆ. ಆದರೂ ಹಿರಿಯರು ಪ್ರೀತಿಯಿಂದ ಹಚ್ಚಿದ ಎಣ್ಣೆಗೆ ಮುನಿಸಿಕೊಳ್ಳುವುದೇ? ಅದೇ ಎಣ್ಣೆಯ ಮೇಲೆ ಪಕ್ಕದ ಎಂಟು ಹಲ್ಲು ಕಚ್ಚಿಕೊಂಡು ಕೂತಿರಲಿಲ್ಲವೇ?

ಇನ್ನು ರೇಸಿನ ದಿನ ತಾವು ತೋರಿದ ಸಮಯಪ್ರಜ್ಞೆಯನ್ನು ಹೊಗಳಲು ನನ್ನ ಬಿ.ಎ. ಸಾಲದು. ಮೊದಲೇ ಬಿದ್ದಿದ್ದರೆ ಯಾರಾದರೂ ನೋಡುತ್ತಿದ್ದರು, ಮುಗಿದ ಮೇಲೆ ಬಿದ್ದಿದ್ದರೆ ಯಾರಿಗೂ ನಷ್ಟವಿರಲಿಲ್ಲ. ತಾವು ಆರಿಸಿಕೊಂಡದ್ದು ಕೊನೆಯ ಸುತ್ತನ್ನು: ಗಾಡಿಯ ಮುಂಭಾಗದ ನಂಬರು ಕೆಸರಿನಲ್ಲಿ ಮುಚ್ಚಿಹೋಗಿ, ಗೆರೆ ದಾಟಿದವರು ಯಾರೆಂದು ತೀರ್ಪುಗಾರರು ಎಡಪಕ್ಕ ನೋಡಿಯೇ ಗುರುತಿಸುತ್ತಿದ್ದ ಹೊತ್ತನ್ನು. ನಲವತ್ತೆಂಟರಲ್ಲಿ ನಾಲ್ಕು ನಾಪತ್ತೆ, ಉಳಿದದ್ದು ಬರೀ ಎಂಟು. ನಿಜವಾದ ಎಂಟನೇ ನಂಬರಿನ ಸವಾರನೋ, ಅರ್ಧ ದಾರಿಯಲ್ಲೇ ಚೈನು ತುಂಡಾಗಿ ಡೇರೆಯಲ್ಲಿ ಬಿಸ್ಕತ್ತು ತಿನ್ನುತ್ತ ಕುಳಿತಿದ್ದ. ನನ್ನ ಮಗಳು ಎದ್ದು, ಬಿದ್ದು, ಮಣ್ಣು ಮೆದ್ದು, ಮೂರನೆಯ ಸ್ಥಾನ ಗೆದ್ದು ಬಂದರೆ ಮೈಕಿನಲ್ಲಿ ಕೂಗಿದ್ದು ಅವನನ್ನು. ಆತ ವೇದಿಕೆ ಹತ್ತಿದ. ಪಾಪ, ಬೇಡವೆನ್ನಲು ಬಾಯಿ ಖಾಲಿಯಿರಲಿಲ್ಲ. ಮೊದಲ ಮೂವರಿಗೆ ಮಾತ್ರ ಭಾನುವಾರದ ಫೈನಲ್ ಎಂದು ಸಾರಿದಾಗ ಮಗಳು ಹೆಲ್ಮೆಟ್ಟನ್ನೇ ತೆಗೆಯಲಿಲ್ಲ. ಒಳಗೆ ಅಳುತ್ತಿದ್ದಳೆಂದು ಕಾಣುತ್ತದೆ.

ಮೊಮ್ಮಗಳನ್ನು ಅಪ್ಪಿಕೊಳ್ಳಲು ಆಗಲೇ ಕೆಸರಿನ ಟ್ರ್ಯಾಕಿಗೆ ನುಗ್ಗಿದ್ದ ಅಮ್ಮ ಅಲ್ಲಿಂದ ನೇರ ತೀರ್ಪುಗಾರರ ಮೇಜಿಗೆ ನಡೆದರು. ಎಂಟರ ಪಕ್ಕ ನಾಲ್ಕಿತ್ತೆಂದು ಅವರೂ, "ಇದ್ರೆ ತೋರ್ಸಿ ಅಜ್ಜಿ, ಈಗ್ಲೇ ಬರ್ಕೋತೀನಿ" ಎಂದು ಮುಖ್ಯ ತೀರ್ಪುಗಾರರೂ ಬಹಳ ಹೊತ್ತು ಜಗ್ಗಾಡಿದರು. ಕೊನೆಗೆ ಅಮ್ಮ ರೇಗಿ, "ನಾನೇನ್ ಅದನ್ನ ಕಾಲ್ ಕೆಳಗೆ ಇಟ್ಕೊಂಡು ನಿಂತಿದೀನೇನಪ್ಪಾ?" ಎಂದು ನೆಲ ಒದ್ದು ಹೊರಟುಬಂದರು.

ಇಟ್ಟುಕೊಂಡೇ ನಿಂತಿದ್ದರು. ಮನೆಗೆ ಬಂದು ಕೆಸರು ತೊಳೆಯುವಾಗ ಅವರ ಬಲಗಾಲಿನ ಚಪ್ಪಲಿಯ ತಳದಲ್ಲಿ ತಾವು ದರ್ಶನವಿತ್ತಿರಿ. ಬಿಸಿನೀರು ಸುರಿದೆವು, ಸೀಮೆಎಣ್ಣೆ ಹಚ್ಚಿದೆವು, ಚಾಕುವಿನಿಂದ ಕೆರೆದೆವು, ಅದೇ ತಲೆಗೆಣ್ಣೆಯನ್ನೂ ಧಾರಾಳವಾಗಿ ಸುರಿದೆವು. ತಾವು ಜಪ್ಪಯ್ಯ ಎಂದರೂ ಕದಲಲಿಲ್ಲ. ಸ್ಟೀಲ್ ತಟ್ಟೆಯ ಬೆನ್ನಿಗೆ ಕಚ್ಚಿಕೊಂಡು, ತಟ್ಟೆ ಸವೆದರೂ ತಾನು ಸವೆಯದ ಬೆಲೆಚೀಟಿಯೂ ನಾಚಬೇಕು, ಅಂಥ ಅಂಟು, ಅಂಥ ನಂಟು!

ಮಾರನೆಯ ದಿನ ಅಮ್ಮ ಸಾಕ್ಷಿ ಸಮೇತ ಹೊರಟರು. ಅವರು ಮುಖ್ಯ ತೀರ್ಪುಗಾರರ ಮುಂದೆ ಚಪ್ಪಲಿ ಎತ್ತಿ ಹಿಡಿದೊಡನೆ ಆ ಮಹಾನುಭಾವರು ಹಿಂದಕ್ಕೆ ಸರಿದರು, ಮಿಕ್ಕವರು ಅವರ ಹಿಂದಕ್ಕೆ ಸರಿದರು. "ಹೆದರ್ಬೇಡ್ವೋ, ತಳ ನೋಡು" ಎಂದು ಅಮ್ಮ ಧೈರ್ಯ ತುಂಬಿದ ಮೇಲೆ ಚಪ್ಪಲಿಯನ್ನು ಬೈಕಿನ ಎಂಟರ ಪಕ್ಕ ಹಿಡಿದು ನೋಡಿದರು. ಬಣ್ಣಕ್ಕೆ ಬಣ್ಣ, ಅಂಚಿಗೆ ಅಂಚು ಕೂಡಿತು. ಎಂಟನೆಯವನೂ ಬಾಯಿ ಖಾಲಿ ಮಾಡಿಕೊಂಡು ಬಂದು, "ನಾನ್ ರೇಸ್ ಮುಗಿಸ್ಲೇ ಇಲ್ಲ ಸಾರ್" ಎಂದ. ಮಗಳು ಫೈನಲ್ಲಿಗೆ ಬಂದಳು.

ಆದ್ದರಿಂದ ತಮ್ಮಲ್ಲಿ ಸವಿನಯ ಪ್ರಾರ್ಥನೆ. ತಮ್ಮ ಜಾಗಕ್ಕೆ ಹೊಸ ನಾಲ್ಕನ್ನು ತಂದಿದ್ದೇನೆ. ತೊಳೆಯುವಾಗ ನೀರಿನ ಪೈಪನ್ನು ಅದರ ಅಂಚಿಗೆ ನೇರ ಹಿಡಿಯುವುದಿಲ್ಲ, ಮಗಳ ಮಂಡಿ ಉಜ್ಜುವ ಕಡೆ ಮೇಲೊಂದು ಪಾರದರ್ಶಕ ಹಾಳೆ ಹೊದಿಸುತ್ತೇನೆ, ಎಣ್ಣೆ ಸೀಸೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತೇನೆ. ತಾವು ಮಾತ್ರ, ಚಪ್ಪಲಿಯಡಿ ಸಾಧಿಸಿದ ನಿಷ್ಠೆಯ ಗುಟ್ಟನ್ನು ಅದರ ಕಿವಿಯಲ್ಲಿ ಊದಬೇಕು. ಅಷ್ಟಾಗಿಯೂ ಅದಕ್ಕೆ ಎದ್ದು ಹೋಗಲೇಬೇಕೆನಿಸಿದರೆ, ಮೊದಲೇ ರಜೆಯ ಅರ್ಜಿ ಬರೆದು, ಬದಲಿ ನಾಲ್ಕನ್ನು ಕೂರಿಸಿ ಹೋಗುವಂತೆ ತಿಳಿಹೇಳಬೇಕು.

ಅಂಟಿನ ಮೇಲಲ್ಲದಿದ್ದರೂ ಮಗಳ ಮೇಲೆ ಪೂರ್ಣ ವಿಶ್ವಾಸವಿರುವ,
ತಮ್ಮ ವಿಶ್ವಾಸಿ,
ನಲವತ್ತೆಂಟನೇ ನಂಬರಿನವಳ ಅಪ್ಪ

ಮರೆತ ಮಾತು: ಹೊಸಬರನ್ನು ಅಮ್ಮ ನಂಬಿಲ್ಲ. ಫೈನಲ್ಲಿನಲ್ಲಿ ಅವರೂ ಕೈಕೊಡುವಂತೆ ಕಂಡರೆ, ಎಂಟರ ಪಕ್ಕಕ್ಕೆ ಆ ಚಪ್ಪಲಿಯನ್ನೇ ತಳ ಮೇಲಾಗಿ ಬಿಗಿದು ಕಳಿಸುವುದೆಂದು ನಿರ್ಧರಿಸಿ, ಎರಡು ಮೊಳ ತಂತಿ ತರಿಸಿಟ್ಟಿದ್ದಾರೆ. ತಾವು ಸಿದ್ಧರಾಗಿರತಕ್ಕದ್ದು.