ಹಿಡಿಮಣ್ಣಿನ ಪೋಸ್ಟರ್

ಸಿನಿಮಾ ನೋಡಿ ಬಂದು ಬೈಯುವುದು ಯಾರು ಬೇಕಾದರೂ ಮಾಡುವ ಕೆಲಸ. ನೋಡದೆಯೇ ಬೈಯುವುದಕ್ಕೆ ಎದೆಗಾರಿಕೆ ಬೇಕು. ಆ ವಿಷಯದಲ್ಲಿ ನಮ್ಮ ಮಂಡ್ಯ ಸೀಮೆಯವರನ್ನು ಮೀರಿಸುವವರಿಲ್ಲ ಎಂದು ನಾನು ಹೆಮ್ಮೆಯಿಂದಲೇ ಹೇಳುತ್ತೇನೆ. ಸಾರು ಒಲೆಯ ಮೇಲಿರುವಾಗಲೇ ಉಪ್ಪು ಜಾಸ್ತಿಯಾಯಿತು ಎನ್ನುವ ಗಂಡಸರು ನಮ್ಮಲ್ಲಿದ್ದಾರೆ. ಮದುವೆಗೆ ಹೋಗುವ ಬಸ್ಸಿನಲ್ಲೇ ಬೀಗರೂಟ ಚೆನ್ನಾಗಿರಲಿಲ್ಲ ಎಂದು ತೀರ್ಮಾನಿಸುವ ನೆಂಟರಿದ್ದಾರೆ. ನಾನೂ ಅದೇ ಜಾಯಮಾನದವನು. ಮಳವಳ್ಳಿಯ ಒಂದು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳಿಕೊಡುತ್ತೇನೆ, ಮನೆ ಮದ್ದೂರಿನಲ್ಲಿ, ಆಯುಷ್ಯದ ಬಹುಪಾಲು ಇವೆರಡರ ನಡುವಿನ ಬಸ್ಸಿನಲ್ಲಿ ಕಳೆದಿದೆ. ಆ ಬಸ್ಸಿನ ಕಿಟಕಿ ಪಕ್ಕ ಕೂತು ಎಷ್ಟು ಸರ್ಕಾರಗಳನ್ನು ಉರುಳಿಸಿದ್ದೇನೋ ನನಗೇ ನೆನಪಿಲ್ಲ. ಅಂಥವನಿಗೆ ಒಂದು ಸಿನಿಮಾ ಯಾವ ಲೆಕ್ಕ ಎಂದುಕೊಂಡಿದ್ದೆ.

ಆ ನಿರ್ದೇಶಕನ ಹೆಸರನ್ನು ನಾನು ಹೇಳುವುದಿಲ್ಲ. ಅವನ ಹೆಸರೆತ್ತಿದರೆ ನೆಮ್ಮದಿಯಾಗಿ ಊಟ ಮಾಡುತ್ತಿದ್ದ ಮನೆಯಲ್ಲೂ ಎರಡು ಪಕ್ಷವಾಗುತ್ತದೆ. ಬೇರೆಯವರ ಸಿನಿಮಾ ಮುಗಿದರೆ ಜನ ಮನೆಗೆ ಹೋಗುತ್ತಾರೆ. ಇವನದು ಮುಗಿದರೆ ಥಿಯೇಟರಿನ ಹೊರಗೆ ನಿಂತು ಜಗಳವಾಡುತ್ತಾರೆ. ಒಂದು ಚಿತ್ರದಲ್ಲಿ ನಾಯಕನನ್ನು ಮಧ್ಯಂತರಕ್ಕೆ ಮುಂಚೆಯೇ ಊರು ಬಿಡಿಸಿ, ಆಮೇಲೆ ಅವನ ಸುದ್ದಿಯನ್ನೇ ಎತ್ತಲಿಲ್ಲ. ಇನ್ನೊಂದರಲ್ಲಿ ಕೊನೆಯವರೆಗೂ ಕಾದರೂ ತಪ್ಪು ಯಾರದು ಎಂದು ಹೇಳಲಿಲ್ಲ. ಸಂದರ್ಶನ ಕೊಡುವುದಿಲ್ಲ, ದೊಡ್ಡವರು ಫೋನು ಮಾಡಿದರೂ ಎತ್ತುವುದಿಲ್ಲ ಎಂದು ಖ್ಯಾತಿ. ಅಂಥವನು ಹೋದ ವರ್ಷ ಬೆಸಗರಹಳ್ಳಿ ಕಡೆಯ ಒಂದು ಆಲೆಮನೆಗೆ ಸುತ್ತಲೂ ಪರದೆ ಕಟ್ಟಿಸಿ, ಯಾರನ್ನೂ ಒಳಗೆ ಬಿಡದೆ, ಶೂಟಿಂಗ್ ಮಾಡಿಕೊಂಡು ಹೋದ. ಬೆಲ್ಲ ಕಾಯಿಸುವ ಜಾಗಕ್ಕೆ ಪರದೆ ಯಾಕೆ ಎಂಬುದೇ ಮೊದಲ ಅನುಮಾನ. ಕತೆ ನೀರಿನ ಮೇಲಂತೆ ಎಂದು ಒಬ್ಬ, ಅಲ್ಲ ಕಣಯ್ಯ ನಮ್ಮ ಜಾತಿ ಮೇಲೆ ಎಂದು ಇನ್ನೊಬ್ಬ, ದೇವರನ್ನೂ ಬಿಟ್ಟಿಲ್ಲವಂತೆ ಎಂದು ಮತ್ತೊಬ್ಬ. ಪ್ರತಿ ಬಸ್ಸಿಗೂ ಒಂದು ಕತೆಯಿತ್ತು, ಸೀಟು ಬದಲಾಯಿಸಿದರೆ ಕ್ಲೈಮ್ಯಾಕ್ಸೂ ಬದಲಾಗುತ್ತಿತ್ತು.

ಆಮೇಲೆ ಮಳವಳ್ಳಿ ಬಸ್ ಸ್ಟ್ಯಾಂಡಿನ ಹತ್ತಿರ ಆ ಸಿನಿಮಾದ ಪೋಸ್ಟರ್ ನಿಂತಿತು. ದೊಡ್ಡ ಹಲಗೆ. ಅದರಲ್ಲಿ ಮುಖವಿಲ್ಲ, ಸಿನಿಮಾದ ಹೆಸರೂ ಇಲ್ಲ. ಬರೀ ಒಂದು ಹೆಂಗಸಿನ ಕೈ, ಮುಂಗೈ ತುಂಬ ಹಸಿರು ಹಚ್ಚೆ, ಮುಷ್ಟಿಯಲ್ಲಿ ಮಣ್ಣು, ಇನ್ನೇನು ನಮ್ಮ ಮೇಲೆ ತೂರುವ ಹಾಗೆ ಎತ್ತಿದ ಕೈ. ಬೇರೆ ಜಿಲ್ಲೆಯವರಿಗೆ ಇದರಲ್ಲಿ ಏನಿದೆ ಅನ್ನಿಸಬಹುದು. ನಮ್ಮ ಹಳ್ಳಿಗಳಲ್ಲಿ ಹೆಂಗಸಿಗೆ ಅನ್ಯಾಯ ತಡೆಯಲಾರದಷ್ಟಾದರೆ ದಾರಿಯ ಮಣ್ಣನ್ನು ಹಿಡಿ ತುಂಬ ಬಾಚಿ, ಅನ್ಯಾಯ ಮಾಡಿದವನತ್ತ ತೂರಿ, ನಿನ್ನ ಮನೆ ಮಣ್ಣುಗೂಡಲಿ ಎಂದು ಶಾಪ ಹಾಕುತ್ತಾಳೆ. ಅದಾದ ಮೇಲೆ ಪಂಚಾಯ್ತಿ ಇಲ್ಲ, ರಾಜಿ ಇಲ್ಲ. ಪೋಲೀಸು ಸ್ಟೇಷನ್ನಿಗೆ ಎದೆ ಸೆಟೆಸಿಕೊಂಡು ಹೋಗುವ ಗಂಡಸರೂ ಹಿಡಿಮಣ್ಣು ಕಂಡರೆ ಪಕ್ಕದ ಸಂದಿ ಹುಡುಕುತ್ತಾರೆ.

ಪೋಸ್ಟರಿನ ಮುಷ್ಟಿ ನೇರವಾಗಿ ಕೆಂಪರಾಜುವಿನ ಹೋಟೆಲಿನ ಕಡೆಗಿತ್ತು. ವಾರ ಕಳೆಯುವುದರೊಳಗೆ ಅವನಿಗೆ ಇಡ್ಲಿ ಹಿಟ್ಟು ಹುಳಿ ಬರಲಿಲ್ಲ, ಅಡಿಗೆಯವನು ಜಗಳವಾಡಿಕೊಂಡು ಹೋದ, ಮಿಕ್ಸಿ ಸುಟ್ಟಿತು. ಅವನು ಹೋಗಿ, ಪೋಸ್ಟರ್ ನಿಲ್ಲಿಸಿದವರ ಕೈ ಕಾಲು ಹಿಡಿದು, ಅದನ್ನು ಎಡಕ್ಕೆ ತಿರುಗಿಸಿದ. ಎಡಕ್ಕಿದ್ದ ಫೋಟೋ ಸ್ಟುಡಿಯೋದವನು ಸುಮ್ಮನಿರುತ್ತಾನೆಯೇ? ಅವನು ಬಲಕ್ಕೆ ತಿರುಗಿಸಿದ. ಬಲಗಡೆ ಬಸ್ಸು ನಿಲ್ಲುವ ಜಾಗ. ಡ್ರೈವರುಗಳು ಅಲ್ಲಿ ನಿಲ್ಲಿಸುವುದಿಲ್ಲ ಎಂದರು. ಕೊನೆಗೆ ಎಲ್ಲರೂ ಒಪ್ಪಿ ಪೋಸ್ಟರನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದರು. ಅಲ್ಲಿಂದ ಶುರುವಾಯಿತು ನೋಡಿ ಜನಜಾತ್ರೆ. ಎದುರಿಗಿದ್ದಾಗ ತಲೆ ತಗ್ಗಿಸಿ ಹೋಗುತ್ತಿದ್ದವರೆಲ್ಲ ಗೋಡೆಗೂ ಹಲಗೆಗೂ ನಡುವಿನ ಸಂದಿಯಲ್ಲಿ ಕುತ್ತಿಗೆ ತೂರಿಸಿ ನೋಡತೊಡಗಿದರು. ನಿಜ ಹೇಳಬೇಕೆಂದರೆ ನನಗೆ ಆ ನಿರ್ದೇಶಕನ ಮೇಲೆ ಒಂದು ಥರ ಭಕ್ತಿಯೇ ಹುಟ್ಟಿತು. ಒಂದು ಮಾತಾಡದೆ, ಮುಖ ತೋರಿಸದೆ, ಇಡೀ ಮಳವಳ್ಳಿಯನ್ನು ಗೋಡೆ ಸಂದಿಗೆ ಇಣುಕಿಸಿದ ಭೂಪ ಅವನು.

ಆದರೆ ಭಕ್ತಿಯನ್ನು ಹೊರಗೆ ತೋರಿಸುವ ಹಾಗಿರಲಿಲ್ಲ. ನಮ್ಮ ಕಾಲೇಜಿನ ವಾಣಿಜ್ಯ ವಿಭಾಗದ ಬೋರೇಗೌಡ ಅಷ್ಟರಲ್ಲಿ ಒಂದು ವಿರೋಧ ಸಮಿತಿ ಮಾಡಿದ್ದ. ನಮ್ಮ ಜಿಲ್ಲೆಯ ತಾಯಂದಿರನ್ನು ಶಾಪ ಹಾಕುವವರು ಎಂದು ತೋರಿಸಿ ಅವಮಾನ ಮಾಡಿದ್ದಾರೆ, ಚಿತ್ರ ನಿಲ್ಲಬೇಕು ಎಂಬುದು ಅವನ ವಾದ. ರಾಜ್ಯಶಾಸ್ತ್ರದ ಮೇಷ್ಟ್ರು ಎಂದಮೇಲೆ ಭಾಷಣ ಬರಲೇಬೇಕೆಂದು ನನ್ನನ್ನು ಎಳೆದುಕೊಂಡು ಹೋದ. ಪೋಸ್ಟರನ್ನು ಮತ್ತೆ ಮುಂದಕ್ಕೆ ತಿರುಗಿಸಿದ್ದರು. ಮೈಕು ಸರಿಯಾಗಿ ಅದರ ಮುಂದಿತ್ತು. ಬೋರೇಗೌಡ ಮತ್ತು ಸಮಿತಿಯವರೆಲ್ಲ ಪಕ್ಕಕ್ಕೆ, ಮುಷ್ಟಿಯ ಗುರಿ ತಪ್ಪಿಸಿಕೊಂಡು ನಿಂತಿದ್ದರು. ನನಗೇ ಮೈಕು ಕೊಟ್ಟ ಗುಟ್ಟು ಆಗ ಹೊಳೆಯಲಿಲ್ಲ. ನಾನು ಉಬ್ಬಿಹೋಗಿ, ಹಿಂದಕ್ಕೆ ಕೈ ತೋರಿಸಿ, “ಇಂಥ ಕೈ ಈ ಮಣ್ಣಿನ ಯಾವ ತಾಯಿಯದೂ ಅಲ್ಲ” ಎಂದು ಗುಡುಗಿದೆ. ಚಪ್ಪಾಳೆ ಬಿತ್ತು. ಮರುದಿನ ಪೇಪರಿನಲ್ಲಿ ಫೋಟೋ ಬಂತು, ಬಾಯಿ ತೆರೆದ ನಾನು, ನನ್ನ ತಲೆಯ ಮೇಲೆ ಆ ಕೈ.

ಆ ಪೇಪರನ್ನು ಅಡಿಗೆಮನೆಗೆ ಹೋಗಿ ಅಮ್ಮನಿಗೆ ತೋರಿಸಿದೆ. ಅಮ್ಮ ನಮ್ಮ ಜೊತೆಯಲ್ಲೇ ಇರುವುದು. ಮನೆಯ ಮುದ್ದೆ ಇವತ್ತಿಗೂ ಅವಳ ಕೈಯಿಂದಲೇ ಆಗಬೇಕು. ಅವರೆಕಾಯಿ ಸುಲಿಯುತ್ತಿದ್ದವಳು ಕನ್ನಡಕ ಹಾಕಿಕೊಂಡು ಪೇಪರನ್ನು ದೂರ ಹಿಡಿದು, ಹತ್ತಿರ ಹಿಡಿದು, ಚೆನ್ನಾಗಿ ನೋಡಿದಳು.

“ನನ್ ಕೈ ಸಂದಾಗ್ ಬಂದದೆ” ಎಂದಳು. “ನೀನೇ ಯಾಕೋ ಕಪ್ಪಗ್ ಬಂದಿದೀಯ ಕಣ್ಲಾ.”

ನಾನು ಪೇಪರಿನ ಕೈ ನೋಡಿದೆ, ಅವರೆಕಾಯಿ ಸುಲಿಯುವ ಕೈ ನೋಡಿದೆ. ಅದೇ ಹಚ್ಚೆ, ಅದೇ ಸೊಟ್ಟ ಕಿರುಬೆರಳು. ಹುಟ್ಟಿದಾಗಿನಿಂದ ಉಣ್ಣಿಸಿದ ಕೈಯನ್ನು ಮಳವಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಗುರುತು ಹಿಡಿಯಲಾರದೆ, ಅದು ಯಾವ ತಾಯಿಯದೂ ಅಲ್ಲ ಎಂದು ಮೈಕಿನಲ್ಲಿ ಸಾರಿ ಬಂದಿದ್ದೆ. ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ವಿಷಯ ಇಷ್ಟು. ಹೋದ ವರ್ಷ ಬೆಸಗರಹಳ್ಳಿಯ ಚಿಕ್ಕಮ್ಮನ ಮನೆಗೆಂದು ಹೋದ ಅಮ್ಮ ಆಲೆಮನೆಗೆ ಬೆಲ್ಲ ತರಲು ಹೋಗಿದ್ದಾಳೆ. ಪರದೆ ಹಾಕಿದ್ದವರ ಜೊತೆ ಜಗಳ ತೆಗೆದಿದ್ದಾಳೆ. ಆ ಜಗಳ ಕೇಳಿ ನಿರ್ದೇಶಕ ಹೊರಗೆ ಬಂದು, ಕೈ ಮುಗಿದು, ಒಳಗೆ ಕರೆದುಕೊಂಡು ಹೋಗಿದ್ದಾನೆ. ಪಾರ್ಟು ಮಾಡಿ ಬಂದವಳು ನಮಗ್ಯಾಕೆ ಹೇಳಲಿಲ್ಲವೆಂದರೆ, “ಕತೆ ಯಾರ್ಗೂ ಏಳ್ಬ್ಯಾಡಿ ಅಂತ ಮಾತ್ ಈಸ್ಕೊಂಡ. ಪಾರ್ಟ್ ಮಾಡ್ದೆ ಅಂದ್ರೆ ನೀವು ಕತೆ ಕೇಳದ್ ಬುಟ್ಟೀರಾ?” ಅಂದಳು. ನಾಡಿಗೆ ನಾಡೇ ತಲೆ ಕೆಡಿಸಿಕೊಂಡು ಹುಡುಕುತ್ತಿದ್ದ ಕತೆ ನಮ್ಮ ಅಡಿಗೆಮನೆಯಲ್ಲಿ ಮುದ್ದೆ ಕಟ್ಟುತ್ತಿತ್ತು.

ನನ್ನ ಹೆಂಡತಿ ಭಾಗ್ಯ ಒಲೆ ಸಣ್ಣ ಮಾಡಿ, ಎಂದೂ ಇಲ್ಲದ ನಯವಾದ ದನಿಯಲ್ಲಿ, “ಅತ್ತೆ, ಮಣ್ಣು ತೂರುವಾಗ ಯಾರನ್ನ ನೆನೆಸ್ಕೊಂಡ್ರಿ?” ಎಂದು ಕೇಳಿದಳು. ಅದು ಸಣ್ಣ ಪ್ರಶ್ನೆಯಲ್ಲ. ಗುರಿಯಿಲ್ಲದೆ ಹಿಡಿಮಣ್ಣು ತೂರುವಂತಿಲ್ಲ, ತೂರಿದರೆ ತೂರಿದವಳ ಮೇಲೇ ಬರುತ್ತದೆ. ನಾನೂ ಬಾಗಿಲ ಚೌಕಟ್ಟು ಹಿಡಿದುಕೊಂಡೆ.

“ಅದೇ ಆಗಿದ್ದು ಪಜೀತಿ” ಎಂದಳು ಅಮ್ಮ. “ಯಾರ್ನಾದ್ರೂ ನೆನುಸ್ಕೊಳಿ ಅಂದ. ಮನ್ಸೆಲ್ಲ ಹುಡುಕ್ದೆ, ಸಾಪ ಆಕೋವಂಗೆ ಒಬ್ರೂ ಸಿಕ್ನಿಲ್ಲ. ನಮ್ ಗದ್ದೆ ಬದು ಒತ್ಕೊಂಡಿದ್ದೋನ ಮಗಳ್ಗೆ ನಾನೇ ಬಾಣಂತನ ಮಾಡಿದೀನಿ. ನಿಮ್ಮಪ್ಪನ್ ಮೇಲಿನ ಸಿಟ್ಟೆಲ್ಲ ಅವ್ರು ಇರೋವಾಗ್ಲೇ ತೀರುಸ್ಕೊಂಡಿದ್ದೆ. ಬರೀ ಕೈ ಬೀಸ್ದೆ. ಅವ್ನು ಸಿಟ್ಟು ಬರ್ತಿಲ್ಲ ಇನ್ನೊಂದ್ಸಲ ಅಂದ. ಆ ಸುಡೋ ಬಿಸ್ಲಲ್ಲಿ ಇನ್ನೊಂದ್ಸಲ, ಇನ್ನೊಂದ್ಸಲ ಅಂತ ಸಾಯಂಕಾಲದ ಗಂಟ ಕುಣುಸ್ದ. ಕೊನೀಗೆ ಬಂತು ನೋಡು ನಂಗೆ. ಅವ್ನ್ನೇ ನೆನುಸ್ಕೊಂಡು ತೂರ್ಬುಟ್ಟೆ. ಅದು ಸಂದಾಗದೆ ಅಂತ ಅದ್ನೇ ಮಡಿಕ್ಕೊಂಡ.”

ಭಾಗ್ಯ ಉಸಿರು ಬಿಟ್ಟಳು. ನಾನು ನಗಲು ಹೋದೆ, ಅಮ್ಮ ನಗುತ್ತಿರಲಿಲ್ಲ.

ಅದೇ ವಾರ ಚಿತ್ರದ ಬಿಡುಗಡೆ ಮುಂದಕ್ಕೆ ಹೋಯಿತು. ಥಿಯೇಟರಿನವರು ಹಿಂಜರಿದರು ಎಂದು ಸುದ್ದಿ ಬಂತು. ಬೋರೇಗೌಡ ಸ್ಟಾಫ್ ರೂಮಿನಲ್ಲಿ ಪೇಡಾ ಹಂಚಿದ. ನಾನೊಂದು ಪೇಡಾ ತಂದು ಅಮ್ಮನಿಗೆ ಕೊಟ್ಟು, ಸಮಿತಿಯ ಹೋರಾಟಕ್ಕೆ ಹೆದರಿ ಸಿನಿಮಾ ನಿಂತಿದೆ ಎಂದೆ. ಅವಳು ಅದನ್ನು ಮುಟ್ಟಲಿಲ್ಲ. “ನಿಮ್ ಮೆರವಣಿಗೆಗೆ ಯಾವ್ ಸಿನಿಮಾ ನಿಂತಾತು ಬುಡು. ಅದು ನನ್ ಮಣ್ಣು” ಎಂದಳು. ಆವತ್ತಿನಿಂದ ಅವಳ ಮುಖ ಸಪ್ಪಗಾಯಿತು. ತಟ್ಟೆಯ ಮುಂದೆ ಕೂತು ಎದ್ದುಬಿಡುತ್ತಿದ್ದಳು. “ತಾಯಿ ಅಂತ ಕರ್ದು ಒಬ್ಬಟ್ಟಿನ ಊಟ ಆಕ್ಸಿದ್ದ ಮಗ ಕಣೋ. ಅವ್ನ ಬದುಕ್ಗೆ ಮಣ್ಣು ತೂರಿ ಬಂದು ನಾನು ಎಂಗ್ ಉಣ್ಲಿ?” ಎನ್ನುತ್ತಿದ್ದಳು. ಹಾಗೆಲ್ಲ ಆಗುವುದಿಲ್ಲ, ಇದು ಮೂಢನಂಬಿಕೆ ಎಂದು ನಾನು ಒಂದು ಪೀರಿಯಡ್ಡಿನಷ್ಟು ವಿವರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡು, “ಆಕ್ದೋರೇ ತೆಗೀಬೇಕು. ಕರ್ಕೊಂಡ್ ಓಗ್ತೀಯೋ, ನಾನೇ ಬಸ್ಸತ್ಲೋ?” ಎಂದಳು.

ದೊಡ್ಡ ಮನುಷ್ಯರಿಗೇ ಸಿಗದವನು ನಮಗೆಲ್ಲಿ ಸಿಗುತ್ತಾನಮ್ಮ ಎಂದರೆ ಅವಳು ಸೆರಗಿನ ಗಂಟಿನಿಂದ ಫೋನು ತೆಗೆದು ಅದೇನೋ ಒತ್ತಿದಳು. ಆ ಕಡೆಯಿಂದ ಕೂಡಲೇ, “ಹೇಳಮ್ಮ” ಎಂದು ದನಿ ಬಂತು. ನಾನು ಕೂತಿದ್ದವನು ಎದ್ದು ನಿಂತೆ.

ಬೆಸಗರಹಳ್ಳಿ ಹತ್ತಿರದ ನಾಲೆ ಏರಿಯ ಮೇಲೆ ಅವನು ನಮಗಿಂತ ಮೊದಲೇ ಬಂದು ಕಾಯುತ್ತಿದ್ದ. ಹವಾಯಿ ಚಪ್ಪಲಿ, ಇಸ್ತ್ರಿ ಕಾಣದ ಅಂಗಿ. ನನ್ನನ್ನು ನೋಡಿ ಗುರುತು ಹಿಡಿದು, “ಭಾಷಣ ಚೆನ್ನಾಗಿತ್ತು ಸಾರ್” ಎಂದ. ವ್ಯಂಗ್ಯವೋ ಮೆಚ್ಚುಗೆಯೋ ತಿಳಿಯಲಿಲ್ಲ, ಅವನ ಸಿನಿಮಾದ ಹಾಗೆಯೇ. ಅಮ್ಮ ಆಲೆಮನೆಯ ಅಂಗಳದಿಂದ ಹಿಡಿ ಮಣ್ಣು ತಂದಿದ್ದಳು. “ಕೂತ್ಕೊ” ಎಂದಳು. ನಾಡನ್ನೆಲ್ಲ ಜಗಳಕ್ಕೆ ಹಚ್ಚುವ ಆ ಮನುಷ್ಯ ಚಪ್ಪಲಿ ಬಿಟ್ಟು, ಸಗಣಿ ನೋಡದೆ, ಅಲ್ಲೇ ಚಕ್ಕಳಮಕ್ಕಳ ಹಾಕಿ ಕೂತು ಕಣ್ಣು ಮುಚ್ಚಿದ. ಅಮ್ಮ ಅವನ ತಲೆಯ ಸುತ್ತ ಮಣ್ಣು ನಿವಾಳಿಸಿದಳು. “ಬಿಸ್ಲಿಗೆ ಬಂದ್ ಸಿಟ್ಟು ಕಣಪ್ಪ, ಒಟ್ಟೇಲಿ ಏನಿಲ್ಲ. ಯಾರ್ ಕಣ್ಣು, ಯಾರ್ ಬಾಯಿ, ನನ್ ಕೈ, ಎಲ್ಲಾ ನೀರ್ಗೋಗ್ಲಿ” ಎಂದು ಮಣ್ಣನ್ನು ಹರಿಯುವ ನಾಲೆಗೆ ಹಾಕಿ, ತಿರುಗಿ ನೋಡದೆ ಬಂದಳು. ಅವನ ಕಣ್ಣಲ್ಲಿ ನೀರಿತ್ತು. ನನ್ನ ಕಣ್ಣಲ್ಲೂ ಇತ್ತು, ಸುಳ್ಳು ಯಾಕೆ ಹೇಳಲಿ. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದ ಹೆಂಗಸು ಇವಳೇನಾ ಎಂದು ನಾನು ಬೆರಗಾಗಿ ನಿಂತಿದ್ದೆ.

“ಆ ಸೀನ್ ಇರಲಾ ಅಮ್ಮ, ತೆಗೆದುಬಿಡಲಾ?” ಎಂದು ಅವನು ಕೇಳಿದ.

“ಯಾಕ್ ತೆಗ್ದೀಯೆ? ದಿನವೆಲ್ಲ ಬಿಸ್ಲಲ್ಲಿ ದುಡ್ದಿವ್ನಿ. ಇರ್ಲಿ” ಎಂದಳು ಅಮ್ಮ. ಮನೆಗೆ ಬಂದು ಎರಡು ಮುದ್ದೆ ಉಂಡಳು.

ಮಾರನೆಯ ವಾರವೇ ಬಿಡುಗಡೆಯ ಹೊಸ ಸುದ್ದಿ ಬಂತು. ನಾಲೆಗೆ ಹಾಕಿದ ಮಣ್ಣಿನಿಂದಲೋ, ಥಿಯೇಟರಿನವರಿಗೆ ಆಸೆ ಹುಟ್ಟಿದ್ದರಿಂದಲೋ ನಾನು ಚರ್ಚೆಗೆ ಹೋಗಲಿಲ್ಲ. ಆ ಕೈ ಯಾರದೆಂದು ಅದು ಹೇಗೋ ತಿಳಿದುಕೊಂಡ ಬೋರೇಗೌಡ, “ನೋಡಿ ಆಮೇಲೆ ವಿರೋಧ ಮಾಡಾನ, ಮೊದಲ ಶೋಗೇ ಟಿಕೆಟ್ ಕೊಡಿಸಿ” ಎಂದು ನನಗೇ ಗಂಟುಬಿದ್ದಿದ್ದಾನೆ. ಸಿನಿಮಾ ಬರಲು ಇನ್ನೂ ಸ್ವಲ್ಪ ದಿನವಿದೆ. ಅದರ ಟ್ರೇಲರನ್ನು ಮಂಡ್ಯದ ಥಿಯೇಟರಿನಲ್ಲಿ ಬೇರೆ ಚಿತ್ರದ ಮಧ್ಯಂತರಕ್ಕೆ ಹಾಕುತ್ತಾರೆಂದು ತಿಳಿದು ಹೋದ ಭಾನುವಾರ ಅಮ್ಮನನ್ನೂ ಭಾಗ್ಯಳನ್ನೂ ಕರೆದುಕೊಂಡು ಹೋದೆ. ಜನ ಕಿಕ್ಕಿರಿದಿದ್ದರು. ಯಾರೂ ಬೋಂಡಾ ತಿನ್ನಲು ಎದ್ದು ಹೋಗಲಿಲ್ಲ.

ಪರದೆ ಕಪ್ಪಾಯಿತು. ಒಂದು ಬೆಳಕು, ಆಲೆಮನೆಯ ಹೊಗೆ, ಅಷ್ಟೇ. ಹೊಗೆಯೊಳಗಿಂದ ನಮ್ಮಮ್ಮನ ಕೈ ಮೇಲೆದ್ದಿತು. ಸೀರೆಯ ಸೆರಗು ಕಂಡಿತು, ಇನ್ನೇನು ಮುಖ ಕಾಣಬೇಕು, ಕೈ ಬೀಸಿತು. ಆ ಇಡೀ ಥಿಯೇಟರು, ಮೀಸೆ ಹೊತ್ತವರು, ಟವೆಲು ಹೊದ್ದವರು, ಸಮಿತಿಯವರು, ಎಲ್ಲ ಒಟ್ಟಿಗೆ ತಲೆ ತಗ್ಗಿಸಿತು. ಅವರೆಲ್ಲ ತಗ್ಗಿಸಿದರೆಂದು ನನಗೆ ಆಮೇಲೆ ಭಾಗ್ಯ ಹೇಳಿದ್ದು. ಯಾಕೆಂದರೆ ಅವರಿಗಿಂತ ಮುಂಚೆಯೇ ನಾನು ಮುಂದಿನ ಸೀಟಿನ ಬೆನ್ನಿಗೆ ಹಣೆ ಹಚ್ಚಿ, ಎರಡೂ ಕೈ ತಲೆಯ ಮೇಲಿಟ್ಟುಕೊಂಡು ಕೂತಿದ್ದೆ. ಚಪ್ಪಾಳೆ ಕೇಳಿ ತಲೆ ಎತ್ತುವ ಹೊತ್ತಿಗೆ ಪರದೆಯ ಮೇಲೆ ಯಾರೋ ಬಟ್ಟೆ ಸೋಪು ಮಾರುತ್ತಿದ್ದರು. ಅಮ್ಮನ ಮುಖ ಕಂಡಿತಾ, ಹೇಗೆ ಕಂಡಳು, ಏನಂದಳು, ನನಗೊಂದೂ ಗೊತ್ತಿಲ್ಲ.

ಪಕ್ಕದಲ್ಲಿ ಅಮ್ಮ ಪರದೆಯನ್ನಲ್ಲ, ನನ್ನನ್ನೇ ನೋಡುತ್ತಿದ್ದಳು. ನನ್ನ ತಲೆಯ ಮೇಲಿನ್ನೂ ಇದ್ದ ಕೈಗಳನ್ನು ಮೆಲ್ಲಗೆ ಕೆಳಗಿಳಿಸಿ, ಕೆದರಿದ ಕೂದಲನ್ನು ಸರಿಮಾಡಿದಳು.

“ತಲೆಗೂದ್ಲು ನರ್ತದೆ, ಮೇಷ್ಟ್ರಾಗಿದೀಯ” ಎಂದಳು. “ನಾನ್ ಕೈ ಎತ್ತುದ್ರೆ ಬಗ್ಗೋದ ಮಾತ್ರ ನೀನಿನ್ನೂ ಬುಟ್ಟಿಲ್ಲ ಕಣ್ಲಾ.”